ಅಂಚು ಕಂದಿದ ಚೀಟಿ

ಈಗಲೂ ಯಾರಾದರೂ ನೀಲಗಿರಿ ಎಣ್ಣೆಯ ಶೀಶೆಯ ಬಿರಡೆ ತೆಗೆದರೆ ನನ್ನ ಮೊಣಕಾಲುಗಳು ತಾವಾಗಿಯೇ ಮಡಚಿಕೊಳ್ಳಲು ನೋಡುತ್ತವೆ. ಬಸ್ಸಿನಲ್ಲಿ ಪಕ್ಕದವರು ನೆಗಡಿಗೆಂದು ಕರವಸ್ತ್ರಕ್ಕೆ ಎರಡು ಹನಿ ಹಾಕಿಕೊಂಡರೂ ಸಾಕು, ಕಣ್ಣು ಮುಚ್ಚಿ ಕೈಜೋಡಿಸುವ ಅಭ್ಯಾಸ ಎಲ್ಲಿಂದಲೋ ಎದ್ದುಬರುತ್ತದೆ. ಜಗಳೂರಿನ ನಮ್ಮ ಮನೆಯಲ್ಲಿ ಪ್ರಾರ್ಥನೆಗೆ ಆ ವಾಸನೆಯೇ ಇತ್ತು. ಆಗ ಊರಿಗೆಲ್ಲ ನಾಲ್ಕೇ ಕ್ರೈಸ್ತ ಕುಟುಂಬಗಳು. ತಿಂಗಳಿಗೊಮ್ಮೆ ದಾವಣಗೆರೆಯಿಂದ ಅಯ್ಯನವರು ಬಸ್ಸಿನಲ್ಲಿ ಬಂದು ಆರಾಧನೆ ನಡೆಸಿ ಹೋಗುತ್ತಿದ್ದರು, ಉಳಿದ ದಿನ ಅವರವರ ಮನೆಯೇ ಅವರವರಿಗೆ ದೇವಾಲಯ. ನಮ್ಮದು ಅಜ್ಜಿಯ ಮಂಚದ ಸುತ್ತ ನಡೆಯುತ್ತಿತ್ತು. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿದ್ದ ಅಜ್ಜಿಯ ಕಾಲಿಗೆ ಸುಗುಣತ್ತೆ, ಎಂದರೆ ಅಪ್ಪನ ತಂಗಿ, ನೀಲಗಿರಿ ಎಣ್ಣೆ ತಿಕ್ಕಿ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, "ಬರ್ರಿ ಎಲ್ಲ" ಎಂದು ಕೂಗಿದರೆ ಅದೇ ನಮ್ಮ ಗಂಟೆ. ಅಪ್ಪ, ಅಮ್ಮ, ನಾನು ಬಂದು ತಣ್ಣನೆಯ ಕಡಪಾ ಕಲ್ಲಿನ ಮೇಲೆ ಮೊಣಕಾಲೂರುತ್ತಿದ್ದೆವು. ಅಪ್ಪನ ಪ್ರಾರ್ಥನೆ ಉದ್ದ. ಲೋಕದ ಸಮಾಧಾನದಿಂದ ಶುರುವಾಗಿ ಅವರ ಶಾಲೆಯ ಸೋರುವ ಹೆಂಚಿನವರೆಗೂ ಬರುತ್ತಿತ್ತು. ನಾನು ಒಂದು ಕಣ್ಣು ತೆರೆದು ಅತ್ತೆಯ ಎಣ್ಣೆಯಂಟಿದ ಬೆರಳುಗಳನ್ನು ನೋಡುತ್ತ ಕಾಲ ಕಳೆಯುತ್ತಿದ್ದೆ.

ಅದು ಮಣ್ಣಿನ ಮಾಳಿಗೆ ಮನೆ. ಅಜ್ಜಿಯ ಕೋಣೆಗೆ ಕಿಟಕಿ ಇರಲಿಲ್ಲ, ಸೂರಿನಲ್ಲಿ ಒಂದು ಬೆಳಕಿಂಡಿ ಮಾತ್ರ. ಅದರಿಂದ ಇಳಿದ ಚೌಕಾಕಾರದ ಬಿಸಿಲು ಬೆಳಿಗ್ಗೆ ಪಡುವಣ ಗೋಡೆಯ ಮೇಲಿದ್ದು, ಮಧ್ಯಾಹ್ನಕ್ಕೆ ನೆಲಕ್ಕಿಳಿದು, ಸಂಜೆಯ ಹೊತ್ತಿಗೆ ಮೂಡಣ ಗೋಡೆ ಹತ್ತಿ ಮಾಯವಾಗುತ್ತಿತ್ತು. ಆಷಾಢದ ಗಾಳಿ ಎದ್ದಾಗ ಬೆಳಕಿಂಡಿಯ ಮೇಲೆ ಹಂಚು ಮುಚ್ಚುತ್ತಿದ್ದರು, ಆಗ ಅದೂ ಇಲ್ಲ. ಅಪ್ಪ ಶಾಲೆಗೆ, ಅಮ್ಮ ಬಾಲವಾಡಿಗೆ, ನಾನು ಎರಡನೆಯ ತರಗತಿಗೆ ಹೋದ ಮೇಲೆ ಆ ಕೋಣೆಯಲ್ಲಿ ಉಳಿಯುತ್ತಿದ್ದವರು ಅಜ್ಜಿ ಮತ್ತು ಅತ್ತೆ. ಬೀದಿಯ ಕೊನೆಯಲ್ಲಿ ದಾವಣಗೆರೆಯ ಬಸ್ಸು ತಿರುಗುವಾಗ ಹಾರನ್ ಹೊಡೆಯುತ್ತಿತ್ತು. ಆ ಸದ್ದಿಗೆ ಅತ್ತೆಯ ಕೈ ಒಂದು ಕ್ಷಣ ನಿಲ್ಲುತ್ತಿದ್ದುದನ್ನು ರಜೆಯ ದಿನಗಳಲ್ಲಿ ನಾನೇ ಕಂಡಿದ್ದೇನೆ. ಆಕೆಗೆ ಆಗ ಇಪ್ಪತ್ತಾರು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಗಟ್ಟಿಯಾಗಿ ನಗುತ್ತಿದ್ದಳು, ನನ್ನ ಜಡೆಯನ್ನು ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ ಹಾಕುತ್ತಿದ್ದಳು, ಶೇಂಗಾ ಹುರಿದು ಸಿಪ್ಪೆ ಊದಿ ನನ್ನ ಲಂಗದ ಜೇಬಿಗೆ ತುಂಬುತ್ತಿದ್ದಳು. ನನಗೆ ಅಮ್ಮನಿಗಿಂತ ಅವಳೇ ಹೆಚ್ಚು. ಈ ಮಾತು ಬರೆಯಲು ಈಗ ಅಮ್ಮನ ಹೆದರಿಕೆಯೂ ಇಲ್ಲ, ಅಮ್ಮನೂ ಇಲ್ಲ.

ಅಜ್ಜಿಯ ತಲೆದಿಂಬಿನ ಬಳಿಯ ಗೂಡಿನಲ್ಲಿ ಸತ್ಯವೇದ, ಅದರ ಮೇಲೆ ಒಂದು ಪೆಪ್ಪರಮೆಂಟಿನ ತಗಡಿನ ಡಬ್ಬಿ. ನಾವು ಅದನ್ನು ವಾಗ್ದಾನದ ಡಬ್ಬಿ ಎನ್ನುತ್ತಿದ್ದೆವು. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ ತಾತ ಉಪದೇಶಿಯಾಗಿ ಹಳ್ಳಿಹಳ್ಳಿ ನಡೆದವರು. ಸತ್ಯವೇದದಿಂದ ದೇವರು ಮಾತು ಕೊಡುವ ನೂರೈದು ವಚನಗಳನ್ನು ಆರಿಸಿ, ನೇರಳೆ ಶಾಯಿಯಲ್ಲಿ ಕಾಗದದ ಪಟ್ಟಿಗಳ ಮೇಲೆ ಬರೆದು, ಬತ್ತಿಯ ಹಾಗೆ ಬಿಗಿಯಾಗಿ ಸುತ್ತಿ ಅದರಲ್ಲಿ ನಿಲ್ಲಿಸಿದ್ದರು. ಹೊಸ ವರ್ಷದ ದಿನ ಎಲ್ಲರೂ ಒಂದೊಂದು ಎತ್ತುತ್ತಿದ್ದೆವು, ಯಾರಿಗೆ ಯಾವುದು ಬಂತೋ ಅದು ಆ ವರ್ಷದ ವಾಗ್ದಾನ. ಇದು ಬಹಳ ಕ್ರೈಸ್ತ ಮನೆಗಳಲ್ಲಿ ಉಂಟು. ನಮ್ಮ ಮನೆಯದೇ ಆದ ರೂಢಿ ಇನ್ನೊಂದಿತ್ತು. ದೊಡ್ಡ ಪ್ರಶ್ನೆ ಎದುರಾಗಿ ಮನೆಯವರಿಗೆ ಬಗೆಹರಿಯದಿದ್ದರೆ ಪ್ರಾರ್ಥನೆ ಮಾಡಿ ಡಬ್ಬಿ ತೆರೆಯುವುದು, ಮನೆಯ ಅತಿ ಚಿಕ್ಕ ಮಗು ಒಂದು ಚೀಟಿ ತೆಗೆಯುವುದು, ಅದರಲ್ಲಿದ್ದುದೇ ಕರ್ತನ ಉತ್ತರ. ಮಗುವಿನ ಕೈಯಲ್ಲಿ ಕಪಟವಿರುವುದಿಲ್ಲ ಎಂದು ತಾತ ನಂಬಿದ್ದರಂತೆ. ಒಳ್ಳೆಯ ಮನುಷ್ಯರು ಹಲವು ವಿಷಯಗಳನ್ನು ಹಾಗೆಯೇ ನಂಬಿಬಿಡುತ್ತಾರೆ.

ಆ ವರ್ಷ ಹೊಸ ವರ್ಷದ ದಿನ ಅತ್ತೆಗೆ ಬಂದದ್ದು, ಇಕ್ಕಟ್ಟಿನಲ್ಲಿದ್ದವರನ್ನು ದೇವರು ಬಯಲಿಗೆ ಕರೆತರುತ್ತಾನೆ ಎಂಬ ಅರ್ಥದ ವಚನ. ಅವಳು ಅದನ್ನು ಓದಿ, ಮತ್ತೆ ಓದಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಬೇಸಿಗೆಯಲ್ಲಿ ಹುಬ್ಬಳ್ಳಿ ಕಡೆಯ ಒಂದು ಆಸ್ಪತ್ರೆಯಿಂದ ಕಾಗದ ಬಂತು: ನರ್ಸಿಂಗ್ ತರಬೇತಿಗೆ ಜಾಗ ಸಿಕ್ಕಿದೆ, ಮೂರು ವರ್ಷ ಅಲ್ಲೇ ಇದ್ದು ಕಲಿಯಬೇಕು, ಜೂನ್ ತಿಂಗಳೊಳಗೆ ಬಂದು ಸೇರಬೇಕು. ಅತ್ತೆ ಹಳೆಯ ಟ್ರಂಕೊಂದನ್ನು ತಿಕ್ಕಿ ತೊಳೆದು, ಅದರ ಮೇಲೆ ಬಿಳಿ ಬಣ್ಣದಲ್ಲಿ ತನ್ನ ಹೆಸರನ್ನು ತಾನೇ ಬರೆದಳು. ಅಕ್ಷರಗಳು ಸೊಟ್ಟಗಾದವು. ಪಕ್ಕದ ಮನೆಯ ಗೌರಮ್ಮನವರು ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತ, "ಏನವ್ವ ಸುಗುಣ, ನಿಮ್ಮ ದೇವ್ರಿಗೆ ದಿನಾ ಮೊಣಕಾಲೂರಿ ಊರಿ ಕೊನೀಗೂ ಕಣ್ಣು ಬಿಡಿಸಿದೆ ನೋಡು. ಹೋಗಿಬಿಡು, ಹಿಂದಕ್ಕೆ ತಿರುಗಿ ನೋಡಬ್ಯಾಡ" ಎಂದರು. ಅತ್ತೆ ಜೋರಾಗಿ ನಕ್ಕಳು. ಮನೆಯೊಳಗೆ ಯಾರೂ ನಗಲಿಲ್ಲ. ಅಜ್ಜಿಯನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಬಾಯಿಬಿಟ್ಟು ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಅಪ್ಪ ಸಾಧು ಸ್ವಭಾವದವರು, ಬೇಡ ಎನ್ನುವುದು ಅವರಿಗೆ ಬರುತ್ತಲೇ ಇರಲಿಲ್ಲ. ಎರಡು ವಾರ ಮೀಸೆ ಸವರಿಕೊಂಡು ಓಡಾಡಿ, ಕೊನೆಗೆ, "ನಾವು ತೀರ್ಮಾನ ಮಾಡೋದು ಬ್ಯಾಡ ಸುಗುಣ. ಕರ್ತನೇ ಮಾಡ್ಲಿ" ಎಂದರು.

ಒಂದು ಭಾನುವಾರ ಮಧ್ಯಾಹ್ನ ಡಬ್ಬಿ ತೆರೆದರು. ಬಿಸಿಲಿನ ಚೌಕ ಸರಿಯಾಗಿ ನಮ್ಮ ನಡುವೆ ನೆಲದ ಮೇಲಿತ್ತು, ಡಬ್ಬಿಯನ್ನು ಅದರಲ್ಲೇ ಇಟ್ಟರು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ನನ್ನ ಪ್ರಾರ್ಥನೆ ಒಂದೇ, ಅತ್ತೆ ಹೋಗಬಾರದು. ಆ ನೂರೈದು ಸುರುಳಿಗಳಲ್ಲಿ ಒಂದರ ತುದಿ ಮಾತ್ರ ಕಂದಿ ಕಪ್ಪಗಾಗಿತ್ತು. ಹಿಂದಿನ ಎರಡು ಹೊಸ ವರ್ಷಗಳಲ್ಲೂ ನನಗೆ ಅದೇ ಬಂದಿದ್ದರಿಂದ ಅದರೊಳಗೇನಿದೆ ಎಂಬುದು ನನಗೆ ಬಾಯಿಪಾಠ. ಅವಸರಪಡಬೇಡ, ದೇವರಿಗಾಗಿ ಕಾದಿರು ಎಂಬ ಅರ್ಥದ್ದು. ಅಪ್ಪ, "ತೆಗಿ ಪುಟ್ಟಿ" ಎಂದರು. ನನ್ನ ಬೆರಳು ನೇರವಾಗಿ ಅಲ್ಲಿಗೇ ಹೋಯಿತು. ಎತ್ತಿ ಕೊಟ್ಟೆ. ಅಪ್ಪ "ಆಮೆನ್" ಎಂದು ಅದನ್ನು ತೆಗೆದುಕೊಂಡು, ಬಿಚ್ಚಿ, ನಿಧಾನವಾಗಿ ಓದಿದರು. ಮಂಚದ ಮೇಲೆ ಅಜ್ಜಿ ಸೊಟ್ಟಬಾಯಲ್ಲಿ "ಸ್ತೋತ್ರ" ಎಂದಳು. ಅಮ್ಮ ನೆಲ ನೋಡಿದಳು. ಅತ್ತೆ ನನ್ನನ್ನು ನೋಡಿದಳು, ತುಸು ಹೊತ್ತು, ಸಿಟ್ಟಿಲ್ಲದೆ. ಆಮೇಲೆ ಎದ್ದು ಅಜ್ಜಿಯ ಮಗ್ಗುಲು ಬದಲಿಸಿದಳು. ಅದರ ಹೊತ್ತಾಗಿತ್ತು.

ನನಗೆ ಆ ದಿನ ಬಹಳ ಸಂತೋಷವಾಯಿತು. ಸುಳ್ಳೇಕೆ ಹೇಳಲಿ. ಎಂಟು ವರ್ಷದ ಹುಡುಗಿಗೆ ಕಾದಿರು ಎಂದರೆ ಎಷ್ಟು ದಿನ ಎಂಬ ಅಂದಾಜಿರುವುದಿಲ್ಲ. ಮಳೆಗಾಲ ಬಂದಾಗ ಆ ಟ್ರಂಕು ಅಜ್ಜಿಯ ಮಂಚದ ಕೆಳಗೆ ಸೇರಿತು, ಅದರ ತುಂಬ ಅಜ್ಜಿಗೆ ಹಾಸಲು ಹರಿದಿಟ್ಟ ಹಳೆ ಸೀರೆಯ ತುಂಡುಗಳು. ಮುಚ್ಚಳದ ಮೇಲಿನ ಸೊಟ್ಟ ಹೆಸರು ವರ್ಷ ಕಳೆದಂತೆ ಉದುರಿತು. ಅತ್ತೆಯ ನಗು ಯಾವಾಗ ನಿಂತಿತೆಂದು ಹೇಳಲಾರೆ. ನಿಂತುಹೋಗಿದೆ ಎಂದು ಗೊತ್ತಾದಾಗ ನಾನು ಆರನೆಯ ತರಗತಿಯಲ್ಲಿದ್ದೆ. ಅವಳ ಬೆನ್ನು ಮಂಚಕ್ಕೆ ಬಾಗಿದ ಹಾಗೆಯೇ ಬಾಗಿತ್ತು. ಬಸ್ಸಿನ ಹಾರನ್ನಿಗೆ ಅವಳ ಕೈ ಈಗ ನಿಲ್ಲುತ್ತಿರಲಿಲ್ಲ. ಇನ್ನೊಂದು ವರ್ಷ ಅರ್ಜಿ ಹಾಕಬಹುದಿತ್ತು, ಹಾಕಲಿಲ್ಲ. ಕರ್ತನ ಮಾತು ಮೀರಿ ಅರ್ಜಿ ಹಾಕುವುದು ಹೇಗೆ? ಆಮೇಲೆ ವಯಸ್ಸು ಮೀರಿತು. ತಿಂಗಳಿಗೊಮ್ಮೆ ಬರುವ ಅಯ್ಯನವರು, "ಸುಗುಣಮ್ಮನಂಥ ವಿಶ್ವಾಸ ಎಲ್ಲರಿಗೂ ಬರಲಿ" ಎಂದು ಪ್ರಸಂಗದಲ್ಲಿ ಹೇಳುತ್ತಿದ್ದರು. ಆ ಮಾತು ಬಂದಾಗಲೆಲ್ಲ ನನಗೆ ಕಿವಿ ಬಿಸಿಯಾಗುತ್ತಿತ್ತು. ಮೊಣಕಾಲೂರಿದರೆ ಒಂದು ಮಾತೂ ಹೊರಡುತ್ತಿರಲಿಲ್ಲ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅತ್ತೆಯ ಜೊತೆ ನಾನೂ ಸಿಕ್ಕಿಕೊಂಡಿದ್ದೆ, ಅವಳನ್ನು ಒಳಗಿಟ್ಟು ಅಗಣಿ ಹಾಕಿದವಳೂ ನಾನೇ. ಪ್ರಾರ್ಥನೆ ಮಾಡಿ ಬೇಡಿದ್ದು ಸಿಗದೆ ನೊಂದವರು ಬಹಳ ಮಂದಿ. ಬೇಡಿದ್ದು ಸಿಕ್ಕಿ ಬೆಂದವಳು ನಾನು. ನಿಮ್ಮ ಮನೆಯಲ್ಲೂ ಯಾರನ್ನೋ ಪ್ರೀತಿಯಿಂದಲೇ ಕಟ್ಟಿಹಾಕಿದ್ದರೆ ಈ ಸಂಕಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜಿ ಇನ್ನೂ ಒಂಬತ್ತು ವರ್ಷ ಬದುಕಿದಳು. ಅವಳನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಅತ್ತೆ ಹಿತ್ತಲಲ್ಲಿ ಆ ಸೀರೆಯ ತುಂಡುಗಳನ್ನೆಲ್ಲ ಒಗೆಯುತ್ತಿದ್ದಳು, ಇನ್ನು ಯಾರಿಗೂ ಬೇಕಿಲ್ಲದಿದ್ದರೂ. ನಾನಾಗ ಶಿಕ್ಷಕಿಯಾಗಲೆಂದು ಟಿ.ಸಿ.ಎಚ್. ಓದಲು ಹೊರಟು ನಿಂತ ಹದಿನೇಳರ ಹುಡುಗಿ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಅತ್ತೆ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತೆ ಬಿಡು" ಎಂದಳು. "ಆ ಚೀಟಿ ಸುಟ್ಟಿದ್ದೇ ನಾನು. ಸಣ್ಣೋಳಿದ್ದಾಗ ಅದ್ರ ಮ್ಯಾಲೆ ದೀಪದ ಬುಡ್ಡಿ ಕೆಡವಿದ್ದೆ. ನಿಮ್ಮಜ್ಜಿ ಬೆನ್ನಿಗೆ ನಾಲ್ಕು ಬಿಟ್ಟಿದ್ಲು. ಅದ್ರಾಗೇನು ಬರ್ದೈತೆ ಅಂತ ಆಕೀಗೂ ಗೊತ್ತಿತ್ತು, ನಿಮ್ಮಪ್ಪಗೂ ಗೊತ್ತಿತ್ತು. ನೀನು ಅದನ್ನ ಎತ್ತಿದ ಕೂಡ್ಲೇ, ಬಿಚ್ಚಾಕೆ ಮುಂಚೇನೇ, ನಿಮ್ಮಪ್ಪ ಆಮೆನ್ ಅಂದ. ಕೇಳ್ಲಿಲ್ವಾ ನೀನು?"

ಕೇಳಿದ್ದೆ. ಒಂಬತ್ತು ವರ್ಷ ಅದು ಬರೀ ಆಮೆನ್ ಆಗಿತ್ತು. "ಮತ್ತೆ ಯಾಕೆ ಸುಮ್ಮನಿದ್ದೆ ಅತ್ತೆ?" ಎಂದೆ.

"ನಿಮ್ಮಪ್ಪ ಬ್ಯಾಡ ಅಂದಿದ್ರೆ ನಿಮ್ಮಪ್ಪನ ಸಂಗಡ ಜಗಳ ಆಡ್ತಿದ್ದೆ. ದೇವ್ರೇ ಬ್ಯಾಡ ಅಂದ ಅಂದ್ಬಿಟ್ರಲ್ಲ, ಯಾರ ಸಂಗಡ ಆಡ್ಲಿ?" ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದಳು. "ಮೂರು ವರ್ಷ ನಾನು ಪ್ರಾರ್ಥನೇನೇ ಮಾಡ್ಲಿಲ್ಲ ಕಣೇ. ನಿಮ್ಮ ಮುಂದೆ ಬಾಯಿ ಆಡಿಸ್ತಿದ್ದೆ ಅಷ್ಟೇ. ಒಂದಿನ ಅವ್ವನ ಕಾಲು ತಿಕ್ತಾ ತಿಕ್ತಾ ಆತನ್ನ ಬೈಯಾಕೆ ಹಿಡಿದೆ. ಹೊಸ ವರ್ಷದಾಗೆ ಬಯಲು ಅಂದಿದ್ದಿಯಲ್ಲ, ಎಲ್ಲೈತೆ ನಿನ್ನ ಬಯಲು ಅಂದೆ. ಬಾಯಿಗೆ ಬಂದಂಗೆ ಬೈದೆ, ದಿನಾ. ಎದ್ದು ಹೋಗ್ತಾನೆ ಅಂದ್ಕೊಂಡಿದ್ದೆ. ಹೋಗ್ಲಿಲ್ಲ. ಬಾಗ್ಲೂ ತೆಗೀಲಿಲ್ಲ ಅನ್ನು. ಆದ್ರೆ ನೀವೆಲ್ಲ ಎದ್ದು ಹೋದ ಮ್ಯಾಲೆ ಆ ಕೋಣ್ಯಾಗೆ ನನ್ನ ಜೊತಿಗೆ ಕೂತಿರ್ತಿದ್ದ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಬಾಗಿಲು ತೆರೆದಿದ್ದರೂ ಹೊರಟುಹೋಗಲು ಅವಳಿಗೆ ಊರೊಂದು ಉಳಿದಿರಲಿಲ್ಲ. ಅಪ್ಪ ಅಮ್ಮನಿಗೆ ವಯಸ್ಸಾದ ಮೇಲೂ ಅಲ್ಲೇ ಇದ್ದಳು. ಬೀದಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಜಾತಿ ಕೇಳದೆ, ಗೌರಮ್ಮನವರ ಮನೆಯವರೂ ಅವಳನ್ನೇ ಕರೆಯುತ್ತಿದ್ದರು. ಮಗ್ಗುಲು ಬದಲಿಸುವುದು, ಬೆನ್ನಿನ ಹುಣ್ಣು ತೊಳೆಯುವುದು ಅವಳಷ್ಟು ಚೆನ್ನಾಗಿ ಯಾವ ನರ್ಸಿಗೂ ಬರುವುದಿಲ್ಲ ಎಂದು ಜನ ಹೊಗಳುತ್ತಿದ್ದರು. ಹೊಗಳಿಕೆ ಕೇಳಿ ಅವಳು ಒಳಗೆ ಹೋಗಿಬಿಡುತ್ತಿದ್ದಳು.

ಕಡೆಗಾಲದಲ್ಲಿ ಅವಳು ವಾಗ್ದಾನದ ಡಬ್ಬಿಯನ್ನೂ ಜೊತೆಗೆ ತಂದು ದಾವಣಗೆರೆಯ ನನ್ನ ಮನೆಗೆ ಬಂದಳು. ಈ ಸಲ ನೀಲಗಿರಿ ಎಣ್ಣೆ ತಿಕ್ಕುವ ಕೈ ನನ್ನದು. ಅವಳ ಮಂಚವನ್ನು ಕಿಟಕಿಯ ಪಕ್ಕದಲ್ಲೇ ಹಾಕಿಸಿದ್ದೆ. ಒಂದು ಮಧ್ಯಾಹ್ನ, "ಡಬ್ಬಿ ತಗಂಬಾ, ಒಂದು ತೆಗಿ ನನಗೆ" ಎಂದಳು. ತಂದು, ಕಣ್ಣು ಬಿಗಿಯಾಗಿ ಮುಚ್ಚಿ ಕೈ ಚಾಚಿದೆ. ನನ್ನ ಮಣಿಕಟ್ಟು ಹಿಡಿದು, "ಕಣ್ಣು ಮುಚ್ಚಬ್ಯಾಡ. ನೋಡೇ ತೆಗಿ. ಯಾವ್ದು ಅಂತ ನಿನಗೆ ಗೊತ್ತೈತಲ್ಲ" ಎಂದಳು.

ಯಾವುದೆಂದು ಗೊತ್ತಿತ್ತು. ಎಲ್ಲಿದೆಯೆಂದು ಗೊತ್ತಿರಲಿಲ್ಲ. ಆ ಡಬ್ಬಿಯಲ್ಲಿ ಹೊರಗಿನಿಂದಲೇ ಗುರುತು ಸಿಗುವ ಚೀಟಿ ಒಂದೇ, ಅದು ನಮಗೆ ಬೇಕಾಗಿರಲಿಲ್ಲ. ಹಾಗಾಗಿ ಒಂದೊಂದನ್ನೇ ಬಿಚ್ಚಿದೆ. ತಾತನ ನೇರಳೆ ಅಕ್ಷರ ಮಾಸಿತ್ತು, ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿ ಹೇಳಿ ಪಕ್ಕಕ್ಕಿಡುತ್ತ ಹೋದೆ. ಅತ್ತೆ ಪ್ರತಿಯೊಂದಕ್ಕೂ ಅಡ್ಡಡ್ಡ ತಲೆಯಾಡಿಸಿದಳು, ಅಂಗಡಿಯಲ್ಲಿ ಸೀರೆ ಆರಿಸುವವಳ ಹಾಗೆ. ಅರವತ್ತೋ ಎಪ್ಪತ್ತೋ ಆದ ಮೇಲೆ ಅದು ಸಿಕ್ಕಿತು. ಬಯಲು ಎಂಬ ಮಾತಿಗೆ ನಾನು ಇನ್ನೂ ಬಂದಿರಲಿಲ್ಲ, ಅತ್ತೆ ಆಗಲೇ "ಆಮೆನ್" ಎಂದಳು, ಗಟ್ಟಿಯಾಗಿ. ಆಮೇಲೆ ನಕ್ಕಳು. ಆ ನಗುವನ್ನು ನಾನು ಎರಡನೆಯ ತರಗತಿಯಲ್ಲಿ ಕೇಳಿದ್ದೆ.

ಅವಳು ಹೋದ ಮೇಲೆ ಆ ಚೀಟಿಗಳನ್ನು ಮತ್ತೆ ಸುತ್ತಲು ನೋಡಿದೆ. ತಾತನ ಕೈಯ ಬಿಗಿ ನನಗೆ ಬರಲಿಲ್ಲ, ಸುತ್ತಿಟ್ಟವೆಲ್ಲ ಹಗುರಾಗಿ ಬಿಚ್ಚಿಕೊಳ್ಳುತ್ತವೆ. ಅಂಚು ಕಂದಿದ್ದೂ ಅವುಗಳ ನಡುವೆ ಎಲ್ಲೋ ಇದೆ. ಡಬ್ಬಿಯ ಮುಚ್ಚಳ ಈಗ ಕೂರುವುದಿಲ್ಲ. ನಾನೂ ಅದನ್ನು ಒತ್ತಿ ಮುಚ್ಚಲು ಹೋಗಿಲ್ಲ.