ಅರ್ಥ ಗೊತ್ತಿಲ್ಲದ ಬಾಯಿಪಾಠ

ಪುಟ್ಟೀ, ಅಪ್ಪೀ, ಶಾಲೆಯ ಹಾಜರಿಯಲ್ಲಿ ನಿಮಗೆ ಬೇರೆ ಹೆಸರುಗಳಿವೆ. ನನ್ನ ಬಾಯಿಗೆ ಬರುವುದು ಇವೇ, ಅದಕ್ಕೆ ಇವನ್ನೇ ಬರೆಯುತ್ತಿದ್ದೇನೆ. ನಾನು ಎದುರಿಗೆ ಕೂತು ಮಾತಾಡುವವಳಲ್ಲ. ನಾಲ್ಕು ಜನ ಸೇರಿದ ಕಡೆ ಅಡಿಗೆಮನೆಯ ಬಾಗಿಲ ಹಿಂದೆ ನಿಲ್ಲುವವಳು. ಬರೆದರೆ ನಡುವೆ ಯಾರೂ "ಸುಮ್ನಿರಮ್ಮ" ಅನ್ನುವುದಿಲ್ಲ. ಇದು ನಿಮ್ಮ ಅಜ್ಜನ ಕೊನೆಯ ದಿನಗಳ ವಿಷಯ. ನೀವಿಬ್ಬರೂ ಆಗ ಚಿಕ್ಕವರು, ಅದೇ ಮನೆಯಲ್ಲಿ ಆಡಿಕೊಂಡಿದ್ದಿರಿ. ಅಲ್ಲಿ ನಡೆಯುತ್ತಿದ್ದದ್ದು ಏನು ಅಂತ ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮೊದಲು ನನ್ನ ಶಾಲೆಯ ಮಾತು ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ನನ್ನ ತವರು ಬಂದಳಿಕೆಯ ಹತ್ತಿರದ ಹಳ್ಳಿ. ನಮ್ಮ ಶಾಲೆಯಲ್ಲಿ ಐದನೇ ಕ್ಲಾಸಿನಲ್ಲಿ ಇಂಗ್ಲಿಷ್ ಶುರುವಾಗುತ್ತಿತ್ತು. ಮೇಷ್ಟ್ರು ಒಂದು ವಾಕ್ಯ ಹೇಳುವರು, ನಾವೆಲ್ಲ ಒಟ್ಟಿಗೆ ಕೂಗುವೆವು. "ವಾಟ್ ಈಸ್ ದ ಟೈಮ್?" ಅಂತ ಗಂಟಲು ಹರಿಯುವ ಹಾಗೆ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಶಾಲೆಯಲ್ಲಿ ಗಡಿಯಾರವೇ ಇರಲಿಲ್ಲ. ಯಾರಾದರೂ ಅರ್ಥ ಕೇಳಿದರೆ ಮೇಷ್ಟ್ರು, "ಅರ್ಥ ಆಮ್ಯಾಲೆ ನೋಡೂಣು, ಮೊದ್ಲು ಬಾಯಿಪಾಠ ಮಾಡ್ರಿ" ಅನ್ನುತ್ತಿದ್ದರು. ಆ 'ಆಮ್ಯಾಲೆ' ಬರಲಿಲ್ಲ, ಏಳನೇ ಕ್ಲಾಸು ಮುಗಿಯಿತು, ಕೆಲವು ವರ್ಷ ಕಳೆದು ಮದುವೆ ಬಂತು. ಆದರೆ ಒಂದು ವಿದ್ಯೆ ನನ್ನಲ್ಲಿ ಉಳಿಯಿತು. ಅರ್ಥವಾಗದ ಮಾತನ್ನು ಕಿವಿಗೆ ಬಿದ್ದ ಹಾಗೆಯೇ, ಒಂದು ಉಸಿರೂ ಹೆಚ್ಚುಕಮ್ಮಿ ಆಗದಂತೆ, ಎಷ್ಟು ವರ್ಷ ಬೇಕಾದರೂ ತಲೆಯಲ್ಲಿ ಇಟ್ಟುಕೊಳ್ಳಬಲ್ಲೆ. ಯಾವ ಕೆಲಸಕ್ಕೂ ಬಾರದ ವಿದ್ಯೆ ಅಂದುಕೊಂಡಿದ್ದೆ.

ನಿಮ್ಮ ಅಜ್ಜ ಸೊರಬದ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಏಜೆಂಟರಾಗಿದ್ದರು. ಜಡೆಗೆ ಹೋಗುವ ಬಸ್ಸು, ಉಳವಿಗೆ ಹೋಗುವ ಬಸ್ಸು, ಯಾವುದು ಯಾವಾಗ ಹೊರಡಬೇಕು ಅಂತ ನೋಡಿ ಸೀಟಿ ಊದಿ ಕಳಿಸುವುದು ಅವರ ಕೆಲಸ. ಮುಂದಿನ ಬಸ್ಸಿನ ಜನರನ್ನು ಹತ್ತಿಸಿಕೊಳ್ಳಬೇಕೆಂದು ನಿಂತೇ ಇರುವ ಡ್ರೈವರುಗಳ ಮೇಲೆ ಅವರು ಕೂಗಾಡುತ್ತಿದ್ದದ್ದು ಪೇಟೆಗೆಲ್ಲ ಕೇಳುತ್ತಿತ್ತು. "ನಿನ್ ಟೈಮ್ ಆಯ್ತಲ್ಲೋ, ಹೊರಡೋ ಮಾರಾಯ! ಏನು, ಅತ್ತೆ ಮನೆಗ್ ಬಂದಿದೀಯಾ?" ಮನೆಗೆ ಬಂದರೂ ಅದೇ ಮಾತು. ಊಟಕ್ಕೆ ತಡವಾದರೆ, "ಈ ಗಾಡಿದು ಟೈಮ್ ತಪ್ಪೋಯ್ತು" ಅನ್ನುವರು. ನನಗೆ ಗೊತ್ತಿದ್ದ ಇಂಗ್ಲಿಷೂ ಅವರಿಗೆ ಗೊತ್ತಿದ್ದ ಇಂಗ್ಲಿಷೂ ಹೆಚ್ಚುಕಡಿಮೆ ಆ ಒಂದೇ ಪದ.

ಅವರಿಗೆ ಮೂತ್ರಪಿಂಡದ ಕಾಯಿಲೆ ಅಂತ ಗೊತ್ತಾದ ಮೇಲೆ ನಿಮ್ಮ ಅಪ್ಪ ನಮ್ಮಿಬ್ಬರನ್ನೂ ಶಿಕಾರಿಪುರಕ್ಕೆ ಕರೆದುಕೊಂಡು ಬಂದ. ನಿಮ್ಮ ಅಪ್ಪ ಅಮ್ಮ ಇಬ್ಬರೂ ಇಂಗ್ಲಿಷ್ ಶಾಲೆಗಳಲ್ಲಿ ಪಾಠ ಹೇಳುವವರು. ಕರೆತಂದದ್ದು ಪ್ರೀತಿಯಿಂದಲೇ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಡಾಕ್ಟರು ಮೊದಲ ದಿನ ಕನ್ನಡದಲ್ಲೇ ನನಗೆ ಹೇಳಿದರು. "ಅಮ್ಮಾ, ಉಪ್ಪು ಮುಟ್ಟಂಗಿಲ್ಲ. ಉಪ್ಪಿನಕಾಯಿ, ಹಪ್ಪಳ ಏನೂ ಇಲ್ಲ. ನೀರೂ ಅಳತೆ ಮಾಡಿ ಕೊಡ್ರಿ. ಇದು ನಿಮ್ಮ ಜವಾಬ್ದಾರಿ ನೋಡ್ರಿ." ಅಷ್ಟು ದೊಡ್ಡ ಮನುಷ್ಯರು ನನಗೊಂದು ಜವಾಬ್ದಾರಿ ವಹಿಸಿದ್ದು ಅದೇ ಮೊದಲು. ನಾನು ಸೆರಗು ಸರಿಮಾಡಿಕೊಂಡು ಹೂಂ ಅಂದೆ.

ಆಮೇಲಿನ ದಿನಗಳಲ್ಲಿ ಡಾಕ್ಟರು ಮನೆಗೆ ಬರತೊಡಗಿದರು. ಬಂದವರು ನಿಮ್ಮ ಅಜ್ಜನ ಕೈ ಹಿಡಿದು ನೋಡುವರು, ಕಾಲಿನ ಬಾವು ಒತ್ತಿ ನೋಡುವರು, "ಹೆಂಗಿದೀರಿ ಯಜಮಾನ್ರೇ?" ಅಂತ ನಗುವರು. ಅಲ್ಲಿಂದ ಮುಂದಿನದೆಲ್ಲ ನಿಮ್ಮ ಅಪ್ಪನ ಜೊತೆ ಇಂಗ್ಲಿಷಿನಲ್ಲಿ. ಹೊರಗೆ ಹೋಗಿಯೂ ಅಲ್ಲ. ಮಂಚದ ಮೇಲೆ ಅಜ್ಜ ಇದ್ದರು, ಬಾಗಿಲಲ್ಲಿ ನಾನು ಇದ್ದೆ. ನಮ್ಮಿಬ್ಬರ ನಡುವೆ ನಿಂತುಕೊಂಡೇ ಮಾತಾಡುತ್ತಿದ್ದರು, ಎಮ್ಮೆ ಕಟ್ಟಿದ ಕೊಟ್ಟಿಗೆಯಲ್ಲಿ ನಿಂತು ವ್ಯಾಪಾರ ಮಾತಾಡುವ ಹಾಗೆ.

ಅವರು ಹೋದ ಮೇಲೆ ಅಜ್ಜ ನನ್ನನ್ನು ಕರೆಯುತ್ತಿದ್ದರು. "ಏನಂದ್ರು ಅವ್ರು? ನೀನು ಓದ್ದೋಳಲ್ವ, ಹೇಳು."

"ನಂಗೇನ್ ಗೊತ್ತಾಗತ್ತೆ."

"ಗೊತ್ತಾಗ್ದಿದ್ರೆ ಹೋಗ್ಲಿ. ಹೆಂಗಂದ್ರು ಹಂಗೇ ಹೇಳು."

ನಾನು ಮೇಷ್ಟ್ರ ಮುಂದೆ ನಿಂತವಳ ಹಾಗೆ ಒಪ್ಪಿಸುತ್ತಿದ್ದೆ. "ಇಟ್ ಈಸ್ ಓನ್ಲಿ ಎ ಮ್ಯಾಟರ್ ಆಫ್ ಟೈಮ್." ಅವರಿಗೆ ನಗು. ಇನ್ನೊಂದು ಸಲ ಹೇಳಿಸುವರು, ತಾವೂ ಹೇಳಲು ನೋಡುವರು. "ಡಾಕ್ಟ್ರೂ ನಮ್ ಲೈನಿನವ್ರೇ ಕಣೆ. ಬಾಯಿ ಬಿಟ್ರೆ ಟೈಮು." ಇನ್ನೊಂದು ದಿನದ ಪಾಠ, "ವಿ ಆರ್ ಓನ್ಲಿ ಬೈಯಿಂಗ್ ಟೈಮ್." ನೀವಿಬ್ಬರೂ ಮಂಚದ ಸುತ್ತ ಓಡುತ್ತ ಅದನ್ನೇ ಕೂಗುತ್ತಿದ್ದಿರಿ. ಸಾಯುತ್ತಿದ್ದ ಮನುಷ್ಯ ತನ್ನ ಸಾವಿನ ಸುದ್ದಿಯನ್ನು ಹಾಡಿನ ಹಾಗೆ ಹೇಳಿಕೊಂಡು ನಗುತ್ತಿದ್ದ. ನಾನು ಅದನ್ನು ಒಪ್ಪಿಸಿ ಮೆಚ್ಚುಗೆ ಪಡೆಯುತ್ತಿದ್ದೆ. ನಿಮ್ಮ ಅಪ್ಪ ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ.

ನಾನು ಅಷ್ಟೇನೂ ದಡ್ಡಿಯಲ್ಲ, ಕೇಳಿದ್ದೆ. "ಡಾಕ್ಟ್ರು ಏನಂದ್ರೋ?"

"ಏನಿಲ್ಲಮ್ಮ. ಸ್ವಲ್ಪ ಟೈಮ್ ತಗೊಳತ್ತೆ ಅಂದ್ರು. ಆರಾಮಾಗ್ತಾರೆ. ನೀನು ಪಥ್ಯ ಬಿಡಬೇಡ ಅಷ್ಟೇ."

ಪಥ್ಯ ಬಿಡಲಿಲ್ಲ. ಆಮೇಲೆ ಇನ್ನೊಂದು ಸಲ ಬಂದಾಗ ಡಾಕ್ಟರು ಬಹಳ ಮೆಲ್ಲಗೆ, ನಿಮ್ಮ ಅಪ್ಪನ ಭುಜದ ಮೇಲೆ ಕೈಯಿಟ್ಟು ಒಂದು ಮಾತು ಹೇಳಿದರು. ಅದನ್ನೂ ನನ್ನ ಕಿವಿ ಹಿಡಿದುಕೊಂಡಿತು. "ನೋ ಮೋರ್ ಡಯಟ್. ಲೆಟ್ ಹಿಮ್ ಹ್ಯಾವ್ ಎ ಗುಡ್ ಟೈಮ್." ಆ ದಿನ ಅಜ್ಜ ಪಾಠ ಒಪ್ಪಿಸು ಅನ್ನಲಿಲ್ಲ, ಸುಸ್ತಾಗಿದ್ದರು. ಹಾಗಾಗಿ ಅದು ನನ್ನಲ್ಲೇ ಉಳಿಯಿತು.

ಅವರಿಗೆ ಉಪ್ಪಿನಕಾಯಿ ಬೇಕಾಗಿತ್ತು, ಅಷ್ಟೇ. ಬೇರೇನೂ ಕೇಳಿದವರಲ್ಲ. ಸೊರಬದಿಂದ ಬರುವಾಗ ನಾನು ಮಾವಿನ ಮಿಡಿಯ ಭರಣಿಯೊಂದನ್ನು ನಿಮಗಾಗಿ ತಂದಿದ್ದೆ. ಅಡಿಗೆಮನೆಯಲ್ಲಿ ಅದರ ಬಟ್ಟೆ ಬಿಚ್ಚಿದರೆ ಮಂಚದಲ್ಲಿದ್ದವರಿಗೆ ವಾಸನೆ ಗೊತ್ತಾಗುತ್ತಿತ್ತು.

"ಲೇ, ಒಂದೇ ಒಂದು ಮಿಡಿ. ಕಚ್ಚಲ್ಲ, ನೆಕ್ಕಿ ಕೊಡ್ತೀನಿ."

"ಡಾಕ್ಟ್ರು ಬೇಡ ಅಂದಿದಾರೆ. ಆರಾಮಾಗ್ಲಿ, ಭರಣಿನೇ ಕೊಡ್ತೀನಿ."

"ಜೈಲಲ್ಲಾದ್ರೂ ಉಪ್ಪು ಹಾಕ್ತಾರೆ ಕಣೆ."

"ಹಂಗಾದ್ರೆ ಜೈಲಿಗೇ ಹೋಗಿ."

ಮೊದಮೊದಲು ಇದು ತಮಾಷೆಯಾಗಿಯೇ ಇತ್ತು. ಆಮೇಲೆ ಅವರು ಗೋಗರೆದರು, ಬೈದರು. ಒಂದು ದಿನ ಗೋಡೆ ಹಿಡಿದುಕೊಂಡು ಅಡಿಗೆಮನೆಯವರೆಗೆ ಬಂದು ಭರಣಿಗೆ ಕೈ ಹಾಕಿದರು. ನಾನು ಕಿತ್ತುಕೊಂಡು ಅಟ್ಟದ ಮೇಲೆ ಇಟ್ಟೆ. ನಿಮ್ಮ ಅಪ್ಪ ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದ. ಅವನು ತಲೆ ತಗ್ಗಿಸಿಕೊಂಡು ಹೊರಗೆ ಹೋದ. ಅಪ್ಪನ ಸ್ಥಿತಿ ನೋಡಲಾಗದೆ ಹೋದ ಅಂದುಕೊಂಡೆ.

ಆ ದಿನದಿಂದ ಅಜ್ಜ ನನ್ನ ಹತ್ತಿರ ಮಾತು ಬಿಟ್ಟರು. ಪುಟ್ಟೀ, ನಿನಗೆ ನೆನಪಿರಬಹುದು, ನೀನೇ ನಮ್ಮಿಬ್ಬರ ನಡುವೆ ಸುದ್ದಿ ತರುತ್ತಿದ್ದೆ. "ನಿಮ್ಮ ಅಜ್ಜಿಗೆ ಹೇಳು, ದಿಂಬು ಸರಿ ಮಾಡ್ಬೇಕು ಅಂತ." ನೀನು ಕುಣಿದುಕೊಂಡು ಬಂದು ಹೇಳುವೆ, ನಾನು ಹೋಗಿ ಸರಿ ಮಾಡುವೆ, ಅವರು ಗೋಡೆ ಕಡೆ ತಿರುಗಿಕೊಳ್ಳುವರು. ನಿನಗೆ ಅದೊಂದು ಆಟವಾಗಿತ್ತು. ನನಗೆ ಆಗಲೂ ಅಂಥ ದುಃಖವಿರಲಿಲ್ಲ, ಸಿಟ್ಟಿತ್ತು. ಇವರಿಗಾಗಿಯೇ ಅಲ್ಲವೇ ಇದೆಲ್ಲ ಮಾಡುವುದು, ಆರಾಮಾಗಿ ಎದ್ದ ಮೇಲೆ ನಾನೂ ನಾಲ್ಕು ದಿನ ಮಾತು ಬಿಡುತ್ತೇನೆ ಅಂತ ಮನಸ್ಸಿನಲ್ಲಿ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಉಪ್ಪಿಲ್ಲದ ಗಂಜಿ ತೆಗೆದುಕೊಂಡು ಹೋದೆ. ಒಂದೆರಡು ಚಮಚ ಕುಡಿದರು. ನೀನು ಮಂಚದ ಕಾಲಿನ ಹತ್ತಿರ ಕೂತಿದ್ದೆ. ನಿನ್ನ ಕಡೆ ನೋಡಿ, "ನಿಮ್ಮ ಅಜ್ಜಿಗೆ ಹೇಳು, ಸಾಕು ಅಂತ" ಅಂದರು. ನೀನು ನನ್ನ ಕಡೆ ತಿರುಗಿ, "ಅಜ್ಜೀ, ಸಾಕಂತೆ" ಅಂದೆ. ಬಟ್ಟಲು ತೊಳೆದಿಟ್ಟು ಬರುವಷ್ಟರಲ್ಲಿ ಆಗಿಹೋಗಿತ್ತು. ಒಟ್ಟಿಗೆ ಅಷ್ಟು ವರ್ಷ ಬಾಳಿದ ಮನುಷ್ಯ ನನಗೆ ಹೇಳಿದ ಕೊನೆಯ ಮಾತು ನಿನ್ನ ಬಾಯಿಂದ ಬಂತು.

ಕಾರ್ಯಕ್ಕೆ ಬಂದವರೆಲ್ಲ ನನ್ನನ್ನು ಹೊಗಳಿದರು. "ಎಷ್ಟು ಕಟ್ಟುನಿಟ್ಟಾಗಿ ನೋಡ್ಕೊಂಡ್ರಂತೆ ರೀ, ಒಂದು ಕಲ್ಲು ಉಪ್ಪು ಬಾಯಿಗೆ ಹೋಗೋಕೆ ಬಿಡ್ಲಿಲ್ವಂತೆ." ನಾನು ಆ ಮಾತನ್ನು ಬಹಳ ದಿನ ಸಮಾಧಾನಕ್ಕೆ ಇಟ್ಟುಕೊಂಡಿದ್ದೆ.

ಹೋದ ಮಳೆಗಾಲದಲ್ಲಿ, ಪುಟ್ಟೀ, ನಿನಗೆ ಪರೀಕ್ಷೆ ಇತ್ತು. ಜಗಲಿಯಲ್ಲಿ ನಾನು ಬೀನ್ಸ್ ಮುರಿಯುತ್ತಿದ್ದೆ, ನೀನು ಪಕ್ಕದಲ್ಲಿ ಕೂತು ಓದುತ್ತಿದ್ದೆ. ಒಂದೇ ಸಣ್ಣ ಪದದ ಸುತ್ತ ಇಂಗ್ಲಿಷಿನವರು ಕಟ್ಟಿಕೊಂಡ ಮಾತುಗಳ ಪಾಠ. "ಕಿಲ್ ಟೈಮ್ ಅಂದ್ರೆ ಸುಮ್ನೆ ಹೊತ್ತು ಕಳೆಯೋದು. ಇನ್ ನೋ ಟೈಮ್ ಅಂದ್ರೆ ಬೇಗ. ಫಾರ್ ದ ಟೈಮ್ ಬೀಯಿಂಗ್ ಅಂದ್ರೆ ಸದ್ಯಕ್ಕೆ." ಕೇಳಲು ಚೆನ್ನಾಗಿತ್ತು. ನಿಮ್ಮ ಅಜ್ಜ ಇದ್ದಿದ್ದರೆ ನಗುತ್ತಿದ್ದರು ಅನ್ನಿಸಿತು. ಆಮೇಲೆ ನೀನು ಅಂದೆ, "ಎ ಮ್ಯಾಟರ್ ಆಫ್ ಟೈಮ್."

ನನ್ನ ಕೈ ನಿಂತಿತು. "ಅದರ ಅರ್ಥ ಏನು?"

"ಇವತ್ತಲ್ಲ ನಾಳೆ ಆಗೇ ಆಗತ್ತೆ, ತಪ್ಪಿಸೋಕಾಗಲ್ಲ ಅಂತ."

"ಬೈಯಿಂಗ್ ಟೈಮ್ ಅಂದ್ರೆ?"

"ಆಗೋದನ್ನ ಸ್ವಲ್ಪ ಮುಂದಕ್ಕೆ ಹಾಕೋದು. ಅಜ್ಜೀ, ನಿಂಗೆಲ್ಲಿ ಗೊತ್ತು ಇದೆಲ್ಲ?"

ಮೂರನೆಯದನ್ನು ಕೇಳಬಾರದು ಅಂದುಕೊಂಡೆ. ಕೇಳಿದೆ. "ನೋ ಮೋರ್ ಡಯಟ್. ಲೆಟ್ ಹಿಮ್ ಹ್ಯಾವ್ ಎ ಗುಡ್ ಟೈಮ್."

ನೀನು ನಕ್ಕೆ. "ಇನ್ನು ಪಥ್ಯ ಬೇಡ, ಅವ್ರು ಖುಷಿಯಾಗಿರ್ಲಿ ಅಂತ. ಯಾರು ಯಾರಿಗೆ ಹೇಳಿದ್ದು ಅಜ್ಜೀ?"

ನಾನು ಒಳಗೆ ಹೋದೆ. ಬೀನ್ಸ್ ಮುರಿಯಲಿಲ್ಲ.

ಮರುದಿನ ನೀವಿಬ್ಬರೂ ಶಾಲೆಗೆ ಹೋದ ಮೇಲೆ, ನಿಮ್ಮ ಅಪ್ಪ ಶೂ ಹಾಕಿಕೊಳ್ಳುತ್ತಿದ್ದಾಗ, ಬಾಗಿಲಲ್ಲಿ ನಿಂತು ಆ ವಾಕ್ಯಗಳನ್ನು ಒಂದೊಂದಾಗಿ ಒಪ್ಪಿಸಿದೆ. ಜೀವಮಾನದಲ್ಲಿ ನಾನು ಅವನನ್ನು ಹಾಗೆ ತಡೆದು ನಿಲ್ಲಿಸಿದ್ದು ಅದೊಂದೇ ಸಲ. ಅವನು ಹಾಕಿಕೊಳ್ಳುತ್ತಿದ್ದ ಶೂ ಬಿಟ್ಟು ತಲೆಯೆತ್ತಿದ.

"ಅಮ್ಮ, ನಿಂಗೆ ಹೇಳಿದ್ರೆ ನೀನು ಅಳ್ತಾ ಕೂರ್ತಿದ್ದೆ. ಅಪ್ಪಂಗೆ ಗೊತ್ತಾಗಿಬಿಡ್ತಿತ್ತು."

"ಅವ್ರ ಸಾವು ಅವ್ರಿಗೆ ಗೊತ್ತಾಗಬಾರದಾ?"

"ಧೈರ್ಯ ಕೆಡ್ತಿತ್ತಮ್ಮ."

"ಉಪ್ಪಿನಕಾಯಿನಾದ್ರೂ ಕೊಡು ಅನ್ಬಹುದಿತ್ತಲ್ಲೋ."

ಅವನು ಮತ್ತೆ ಶೂ ದಾರಕ್ಕೆ ಬಗ್ಗಿದ. ನಿಮ್ಮ ಅಮ್ಮ ಒಳಗಿನಿಂದ ಬಂದು ನಿಂತಳು. ಅವಳೇ ಹೇಳಿದಳು. "ಪಥ್ಯ ಬಿಡಿಸಿದ್ರೆ ಯಾಕೆ ಬಿಡಿಸಿದ್ರಿ ಅಂತ ನೀವು ಕೇಳ್ತಿದ್ರಿ ಅತ್ತೆ. ಆಗ ಹೇಳಬೇಕಾಗ್ತಿತ್ತು."

ಅಷ್ಟೇ ಕಾರಣ. ಮಗನಿಗೂ ಸೊಸೆಗೂ ಹೇಳಲು ಬಾಯಿ ಬರಲಿಲ್ಲವೆಂದು ನಾನು ಭರಣಿ ಕಿತ್ತುಕೊಂಡೆ. ಅವರ ಸುಳ್ಳಿಗೆ ನನ್ನ ಕೈಯಿಂದ ಕಾವಲು ಹಾಕಿಸಿದರು. ಉಪ್ಪಿಲ್ಲದ ಆ ಗಂಜಿ ಯಾವ ಕಾಯಿಲೆಗೂ ಔಷಧವಾಗಿರಲಿಲ್ಲ. ನಾವಿಬ್ಬರೂ ಏನೂ ಅನುಮಾನಿಸದಿರಲಿ ಅಂತ ಮಾತ್ರ ಅದು ಒಲೆಯ ಮೇಲೆ ಬೇಯುತ್ತಿತ್ತು.

ನಮ್ಮ ಕಡೆಯೂ ಇಂಥದ್ದನ್ನು ಯಾರೂ ನೇರವಾಗಿ ಹೇಳುವುದಿಲ್ಲ ಅಂತ ನನಗೆ ಗೊತ್ತು. ನನ್ನ ತವರಲ್ಲಿ ಅಜ್ಜಿ ಮಲಗಿದಾಗ ಅವ್ವ ನೆರೆಯವರಿಗೆ, "ಇನ್ನೇನೈತಿ ಬಿಡ್ರಿ, ದೀಪದಾಗ ಎಣ್ಣಿ ಇಲ್ಲ" ಅಂದಿದ್ದಳು. ಅಜ್ಜಿ ಒಳಗಿನಿಂದಲೇ ಕೇಳಿಸಿಕೊಂಡು, "ಹಂಗಾರ ಆ ಬೆಲ್ಲದ ಡಬ್ಬಿ ಇತ್ತಾಗ ತಾ" ಅಂದಳು. ಎಲ್ಲರೂ ನಕ್ಕರು, ಬೆಲ್ಲ ಕೊಟ್ಟರು. ಮುಚ್ಚಿ ಹೇಳಿದರೂ ಅದು ಅಜ್ಜಿಯ ಭಾಷೆಯಲ್ಲೇ ಇತ್ತು, ಅವಳ ಕೈಗೆ ಸಿಗುವ ಹಾಗಿತ್ತು.

ನಿಮ್ಮ ಅಪ್ಪ ಕೆಟ್ಟವನಲ್ಲ. ಅವನ ಮೇಲೆ ನಿಮಗೆ ಸಿಟ್ಟು ಬರಲಿ ಅಂತ ಇದನ್ನು ಬರೆಯುತ್ತಿಲ್ಲ. ಆದರೆ ಕ್ಷಮಿಸಿದ್ದೇನೆ ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ಅವನು ಬಡಿಸಿಕೊಂಡಾಗ ಉಪ್ಪಿನಕಾಯಿ ಬೇಕೇ ಅಂತ ನಾನು ಈಗ ಕೇಳುವುದಿಲ್ಲ. ಅವನೂ ಕೇಳುವುದಿಲ್ಲ. ಭರಣಿ ಊಟದ ಹೊತ್ತಿಗೆ ನಮ್ಮಿಬ್ಬರ ನಡುವೆ ಇರುತ್ತದೆ, ನೀವಿಬ್ಬರೂ ಅದರಿಂದ ಬಡಿಸಿಕೊಳ್ಳುತ್ತೀರಿ.

ಈಚೆಗೆ ನನ್ನನ್ನೂ ಅದೇ ಡಾಕ್ಟರ ಹತ್ತಿರ ತೋರಿಸಿದರು. ಎದೆಯ ಫೋಟೋ ತೆಗೆದರು. ಡಾಕ್ಟರು ನಿಮ್ಮ ಅಪ್ಪನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರು ಮಾಡಿದರು. ನಾನು ಯಾವತ್ತೂ ದೊಡ್ಡವರ ಮಾತಿಗೆ ಅಡ್ಡ ಬಂದವಳಲ್ಲ. ಆವತ್ತು ಬಂದೆ. ಧ್ವನಿ ಎಷ್ಟು ಸಣ್ಣಗೆ ಹೊರಟಿತೋ, ಅವರು "ಏನಂದ್ರಿ ಅಮ್ಮ?" ಅಂತ ಇನ್ನೊಮ್ಮೆ ಕೇಳಬೇಕಾಯಿತು. "ನಂಗೆ ಹೇಳ್ರಿ, ಕನ್ನಡದಾಗ" ಅಂದೆ. ಸೊರಬದ ಸೊಸೆಯಾಗಿ ಇಷ್ಟು ವರ್ಷವಾದರೂ ಹೆದರಿದಾಗ ತವರಿನ ಮಾತೇ ಬರುತ್ತದೆ. ಡಾಕ್ಟರು ನಿಮ್ಮ ಅಪ್ಪನ ಮುಖ ನೋಡಿದರು. ಅವನು ನೆಲ ನೋಡಿದ. "ಗಾಬರಿ ಏನಿಲ್ಲಮ್ಮ" ಅಂದರು ಡಾಕ್ಟರು. ಹೇಳಿದ್ದು ಅಷ್ಟೇ.

ಆಮೇಲೆ ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಾಗಿಲು ಹಾಕಿಕೊಂಡರು. ನನ್ನ ಬಾಯಿಪಾಠದ ವಿಷಯ ಅವರಿಗೆ ಈಗ ಗೊತ್ತಿದೆಯಲ್ಲ.

ಅದಕ್ಕೆ ನಿಮ್ಮಿಬ್ಬರನ್ನು ಕೇಳುತ್ತಿದ್ದೇನೆ. ನಿಮಗೆ ಎರಡೂ ಭಾಷೆ ಬರುತ್ತದೆ. ಬಾಗಿಲ ಒಳಗಿನ ಮಾತು ನಿಮ್ಮ ಕಿವಿಗೆ ಬಿದ್ದರೆ ನನ್ನ ಹತ್ತಿರ ಬಂದು ಕನ್ನಡದಲ್ಲಿ ಹೇಳಿ. ನಾನು ಅಳುವುದಿಲ್ಲ. ಅತ್ತರೆ ಅತ್ತುಕೊಳ್ಳುತ್ತೇನೆ ಬಿಡಿ. ನನಗೆ ತಿನ್ನಬೇಕಾದ್ದೇನೂ ಇಲ್ಲ, ಸೊರಬದ ಬಸ್ ನಿಲ್ದಾಣದಲ್ಲಿ ಒಂದು ಮಧ್ಯಾಹ್ನ ಕೂತು ಬಸ್ಸುಗಳು ಹೊರಡುವುದನ್ನು ನೋಡಬೇಕು. ಅದಕ್ಕೆ ಮೊದಲೇ ಗೊತ್ತಾಗಬೇಕು.

ನೀವು ಹೇಳದೆ ಹೋದರೂ ಈ ಹಾಳೆಗಳನ್ನು ಎಸೆಯಬೇಡಿ. ನನ್ನ ನೆನಪಿಗೆ ಅಂತಲ್ಲ. ಮುಂದೊಂದು ದಿನ ನಿಮ್ಮ ಅಪ್ಪ ಮಂಚದ ಮೇಲಿರುತ್ತಾನೆ, ನಿಮ್ಮ ಅಮ್ಮ ಬಾಗಿಲಲ್ಲಿ ನಿಂತಿರುತ್ತಾಳೆ, ಡಾಕ್ಟರು ನಿಮ್ಮ ಕಡೆ ತಿರುಗುತ್ತಾರೆ. ಆಗ ಅವರಿಬ್ಬರಿಗೂ ತಿಳಿಯದ ಮಾತು ಯಾವುದಿರುತ್ತದೋ ನನಗೆ ಗೊತ್ತಿಲ್ಲ. ಅದನ್ನು ಆಡುವ ಮೊದಲು ಇದನ್ನು ತೆಗೆದು ಓದಿಕೊಳ್ಳಿ. ಅಲ್ಲಿಯವರೆಗೆ ಗೆದ್ದಲು ಹಿಡಿಯದ ಜಾಗ ನೋಡಿ, ಒದ್ದೆಯಾಗದಂತೆ ಜೋಪಾನವಾಗಿಡಿ.