ಕಪ್ಪಕ್ಷರದ ಮದುವೆ ಕಾಗದ

ನಾನು ಚಿಕ್ಕವನಿದ್ದಾಗ ಹೊಳೆನರಸೀಪುರದ ನಮ್ಮ ಮನೆಯಲ್ಲಿ ಎಲ್ಲಿ ಮೂಸಿದರೂ ಕೊಬ್ಬರಿಯ ವಾಸನೆ. ಅಪ್ಪ ಕೊಬ್ಬರಿ ವ್ಯಾಪಾರಿ. ಅಟ್ಟದ ಮೇಲೆ ಕೊಬ್ಬರಿ, ನಡುಮನೆಯ ಮೂಲೆಯಲ್ಲಿ ಕೊಬ್ಬರಿ, ಕೊನೆಗೆ ನನ್ನ ಶಾಲೆಯ ಚೀಲದಲ್ಲೂ ಒಂದು ಚೂರು ಕೊಬ್ಬರಿ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಆ ವರ್ಷ ಮಾತ್ರ ಮನೆಯಲ್ಲಿ ವ್ಯಾಪಾರದ ಮಾತು ಹಿಂದೆ ಬಿದ್ದು, ಅಕ್ಕನ ಮದುವೆಯ ಮಾತು ಮುಂದೆ ಬಂದಿತ್ತು. ಗಂಡಿನ ಮನೆ ಹಿರೀಸಾವೆ.

ಸಂಭ್ರಮವಿತ್ತು, ಆದರೆ ಒಳಗೊಳಗೇ ಎಲ್ಲರಿಗೂ ಒಂದು ಅಳುಕು. ಅಕ್ಕನಿಗೆ ಮೊದಲು ಇನ್ನೊಂದು ಕಡೆ ಮದುವೆ ನಿಶ್ಚಯವಾಗಿತ್ತು. ಧಾರೆಗೆ ಮುಂಚೆಯೇ ಆ ಹುಡುಗ ಜ್ವರ ಬಂದು ತೀರಿಕೊಂಡ. ಜ್ವರಕ್ಕೆ ಅಕ್ಕ ಏನು ಮಾಡಿಯಾಳು? ಆದರೂ ಊರಿನ ಬಾಯಿಗೆ ಬೀಗ ಹಾಕುವವರು ಯಾರು! ಅವಳ ಕಾಲ್ಗುಣವೇ ಸರಿಯಿಲ್ಲ ಎಂದರು. ಅವಳು ನೀರಿಗೆ ಹೋದರೆ ಬಾವಿಕಟ್ಟೆಯಲ್ಲಿದ್ದ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅಕ್ಕ ನಗುವುದನ್ನೇ ಬಿಟ್ಟಿದ್ದಳು. ಹಿರೀಸಾವೆಯವರು ಎಲ್ಲ ತಿಳಿದೂ ಒಪ್ಪಿದಾಗ ಅಜ್ಜಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದಳು.

ಆಗ ನಮ್ಮ ಬೀದಿಯಲ್ಲಿ ಮದುವೆಗೆ ಮನೆಮನೆಗೆ ಹೋಗಿ ಬಾಯಲ್ಲಿ ಕರೆಯುವುದೇ ಹೆಚ್ಚು. ಆದರೆ ಈ ಮದುವೆ ನಾಲ್ಕು ಊರಿಗೆ ಗೊತ್ತಾಗಬೇಕು ಎಂದು ಅಪ್ಪನಿಗೆ ಹಟ. ಹಾಸನದ ಒಂದು ಅಚ್ಚುಕೂಟಕ್ಕೆ ಹೋಗಿ, ಕೆಂಪು ಅಕ್ಷರ ಇರಲಿ, ಮೇಲೆ ಗಣಪತಿ ಇರಲಿ, ಸುತ್ತ ಹೂಬಳ್ಳಿ ಇರಲಿ ಎಂದು ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟು ಬಂದ. ತರುವ ದಿನ ನನ್ನನ್ನೂ ರೈಲಿನಲ್ಲಿ ಕರೆದುಕೊಂಡು ಹೋದ.

ಅಚ್ಚುಕೂಟದ ಬಾಗಿಲಲ್ಲೇ ಶಾಯಿ, ಸೀಮೆಎಣ್ಣೆಯ ವಾಸನೆ ಮೂಗಿಗೆ ಅಡರಿತು. ಒಬ್ಬಾತ ಮರದ ಗೂಡುಗಳಿಂದ ಸೀಸದ ಅಕ್ಷರಗಳನ್ನು ಕೋಳಿ ಕಾಳು ಹೆಕ್ಕಿದಂತೆ ಹೆಕ್ಕಿ ಜೋಡಿಸುತ್ತಿದ್ದ. ಇನ್ನೊಬ್ಬ ಕಾಲಲ್ಲಿ ತುಳಿಯುತ್ತಿದ್ದ ಯಂತ್ರ ಧಡಕ್ ಧಡಕ್ ಎಂದು ಬಾಯಿ ತೆಗೆದು ಮುಚ್ಚುತ್ತಿತ್ತು. ಶಾಲೆ ಬಿಟ್ಟು ಇಲ್ಲೇ ಇದ್ದುಬಿಡೋಣ ಅನ್ನಿಸಿತು ನನಗೆ. ಅಷ್ಟರಲ್ಲಿ ಯಜಮಾನರು ನಮ್ಮ ಕಟ್ಟು ಬಿಚ್ಚಿದರು. ಅಪ್ಪನ ಮುಖ ಬಿಳಿಚಿಕೊಂಡಿತು. ಗಣಪತಿ, ಬಳ್ಳಿ, ಅಕ್ಷರ ಎಲ್ಲವೂ ಕಪ್ಪು.

"ಏನ್ಮಾಡಾನ ಸಾ, ಯುದ್ಧ ಅಲ್ವಾ? ವಿಲಾಯ್ತಿಯಿಂದ ಕೆಂಪು ಶಾಯಿ ತರೋ ಅಡಗೇ ನಿಂತೋಗದೆ" ಎಂದು ಅವರು ಕೈ ಚೆಲ್ಲಿದರು. "ನಿಮ್ದು ಲಗ್ನ ಬೇರೆ ಅತ್ರ ಬಂದದೆ ಅಂತ ಇದ್ದುದ್ರಲ್ಲೇ ಆಕ್ಬುಟ್ಟೆ."

ಅಕ್ಷರ ಕಪ್ಪಾದರೆ ಏನಂತೆ ಎನ್ನುತ್ತೀರಿ ನೀವು. ನಮ್ಮ ಕಡೆ ಸಾವಿನ ಸುದ್ದಿಯ ಕಾಗದಗಳು ಹಾಗೆ ಬರೀ ಕಪ್ಪಕ್ಷರದಲ್ಲಿ ಬರುತ್ತಿದ್ದವು. ಅವನ್ನು ಒಳಗೆ ತರದೆ ಬೀದಿಯಲ್ಲೇ ಓದಿ ಹರಿದು ಹಾಕುತ್ತಿದ್ದರು. ಮದುವೆ ಕಾಗದವೆಂದರೆ ಕೆಂಪು ಅಕ್ಷರ, ಮೂಲೆಗೆ ಅರಿಶಿನ. ಮೊದಲೇ ಒಂದು ಸಾವಿನ ಮಾತಿಗೆ ಸಿಕ್ಕಿ ನೊಂದಿದ್ದ ಹುಡುಗಿಯ ಮದುವೆಗೆ ಇಂಥ ಕಾಗದ!

ಅಜ್ಜಿ ಕಟ್ಟನ್ನು ಹೊಸಿಲು ದಾಟಿಸಲು ಬಿಡಲಿಲ್ಲ. ಜಗಲಿಯ ಮೇಲೇ ಇಡಿಸಿದಳು. ಅಕ್ಕ ಬಂದು ಒಂದು ಕಾಗದ ಎತ್ತಿ ನೋಡಿ, "ನನ್ ಅಣೇಬರಾನೇ ಅಂಗೆ ಕಣಪ್ಪ, ಕಾಗ್ದ ಏನ್ ಮಾಡೀತು?" ಎಂದು ಒಳಗೆ ಹೋದಳು. ಅಪ್ಪ ಊಟಕ್ಕೆ ಏಳಲಿಲ್ಲ.

"ಮೊದ್ಲು ಬೀಗ್ರಿಗೆ ತೋರ್ಸಪ್ಪ" ಎಂದಳು ಅಜ್ಜಿ. "ಮುಚ್ಚಿಟ್ಟು ಮದ್ವೆ ಮಾಡಿದ್ರೆ ನಾಳೆ ಮಗೀನ್ ತಲೆ ಮ್ಯಾಲೆ ಬತ್ತದೆ."

ಮಾರನೆಯ ದಿನ ಅಪ್ಪನ ಜೊತೆ ನಾನೂ ಹಿರೀಸಾವೆಗೆ ಹೊರಟೆ. ಪೆಟ್ರೋಲು ಸಿಗದ ಕಾಲ, ಬಸ್ಸು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಏರು ಬಂದರೆ ನಾವೆಲ್ಲ ಇಳಿದು ನಡೆಯಬೇಕು. ಬೇರೆ ದಿನವಾಗಿದ್ದರೆ ಅಪ್ಪ ಅದಕ್ಕೊಂದು ತಮಾಷೆ ಮಾಡುತ್ತಿದ್ದ. ಅಂದು ಚನ್ನರಾಯಪಟ್ಟಣ ದಾಟಿದರೂ ಕೈಯಲ್ಲಿದ್ದ ಕಾಗದವನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಈ ಮದುವೆಯೂ ಮುರಿದರೆ ಅಕ್ಕನನ್ನು ಇನ್ನು ಯಾರೂ ಕೇಳುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

ಬೀಗರ ಮನೆಯ ಜಗಲಿಯ ಮೇಲೆ ಗಂಡಿನ ದೊಡ್ಡಪ್ಪ ಕೂತಿದ್ದರು. ಕುಡಿಯಲು ಬೆಲ್ಲದ ಪಾನಕ ಬಂತು. ಅಪ್ಪ ಅದನ್ನು ಮುಟ್ಟದೆ ಕಾಗದವನ್ನು ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದ. ದೊಡ್ಡಪ್ಪ ಅದನ್ನು ದೂರ ಹಿಡಿದು ನೋಡಿ ಕೆಳಗೆ ಹಾಕಿದರು.

"ಇದೇನು ಮದ್ವೆ ಕಾಗ್ದವಾ, ತಿಥಿ ಕಾಗ್ದವಾ? ಆ ಹೆಣ್ಣಿನ್ ಇಸ್ಯ ಗೊತ್ತಿದ್ದೂ ನಾವು ಒಪ್ದೋ. ಈಗ ಇದೊಂದು ಸಕುನ ಬೇರೆ!"

ಅಪ್ಪ ತಲೆ ತಗ್ಗಿಸಿದ. ನಮ್ಮಪ್ಪ ಯಾರ ಮುಂದೆಯೂ ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಅಳು ಬಂತು.

ಗಂಡಿನ ತಾಯಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದರು. ಆ ಕಾಲದಲ್ಲಿ ಮನೆಯ ಸೊಸೆ ಬಾವನ ಎದುರು ಬಂದು ಮಾತಾಡುವುದುಂಟೆ? ಆದರೆ ಅವರು ಸೆರಗು ಸರಿಮಾಡಿಕೊಂಡು ಹೊರಗೆ ಬಂದೇಬಿಟ್ಟರು. ಬಿದ್ದಿದ್ದ ಕಾಗದವನ್ನು ಎತ್ತಿಕೊಂಡರು.

"ಮದ್ವೆ ಎಣ್ಣಿನ್ ಕೆನ್ನೆಗೆ ಕಾಡ್ಗೆ ಬೊಟ್ಟು ಇಕ್ದೆ ಅಸೆಮಣೆ ಮ್ಯಾಲೆ ಕೂರುಸ್ತೀವಾ ಬಾವ?" ಎಂದರು. "ಊರ್ನೋರ್ ಕಣ್ಣೆಲ್ಲಾ ನನ್ ಸೊಸೆ ಮ್ಯಾಲೇ ಬಿದ್ದದೆ. ಅದ್ಕೆ ಕಾಗ್ದಕ್ಕೂ ದಿಷ್ಟಿ ಬೊಟ್ಟು ಇಕ್ಕವ್ರೆ ಅನ್ಕೊಳಿ."

ದೊಡ್ಡಪ್ಪ ಏನೋ ಹೇಳಲು ಹೊರಟರು. ಆಕೆ ಬಿಡಲಿಲ್ಲ, ಅಪ್ಪನ ಕಡೆ ತಿರುಗಿದರು. "ಅಣ್ಣ, ನಮ್ ಕಾಗ್ದನೂ ಅದೇ ಅಚ್ಚುಕೂಟದಲ್ಲಿ ಕಪ್ಪಲ್ಲೇ ಆಕ್ಸಿ ತಂದ್ಕೊಡಿ. ಎಣ್ಣಿನೋರ್ದು ಒಂದು ಬಣ್ಣ, ಗಂಡಿನೋರ್ದು ಒಂದು ಬಣ್ಣ ಯಾಕೆ? ಅನ್ನೋರು ಇಬ್ರಿಗೂ ಅನ್ಲಿ."

ಒಳಗಿನಿಂದ ಅರಿಶಿನದ ಬಟ್ಟಲು ತಂದು ಆ ಕಾಗದದ ಮೂಲೆಗಳಿಗೆ ತಾವೇ ಹಚ್ಚಿದರು. ಅಪ್ಪ "ಆಯ್ತು ಕಣವ್ವ" ಎಂದು ಟವಲಿನಲ್ಲಿ ಮುಖ ಒರೆಸಿಕೊಂಡ. ದೊಡ್ಡಪ್ಪ ಕೆಮ್ಮಿ, ಪಾನಕ ಕುಡಿಯಿರಿ ಎಂದು ಉಪಚಾರ ಮಾಡಿದರು.

ಮನೆಗೆ ಬಂದು ಅಪ್ಪ ಹೇಳಿದ್ದನ್ನು ಅಕ್ಕ ಎರಡೆರಡು ಸಲ ಹೇಳಿಸಿ ಕೇಳಿದಳು. 'ನನ್ ಸೊಸೆ' ಅಂತಲೇ ಅಂದರಾ ಎಂದು ನನ್ನನ್ನೂ ಕೇಳಿದಳು. ಆಮೇಲೆ ಅರಿಶಿನ ಕಲಸಿಕೊಂಡು ಜಗಲಿಗೆ ಬಂದು, ಬೀದಿಯವರೆಲ್ಲ ನೋಡುವಂತೆ ಕೂತು, ಕಾಗದಗಳಿಗೆ ಒಂದೊಂದಾಗಿ ಹಚ್ಚಿದಳು. ನನ್ನ ಮೂಗಿಗೂ ಒಂದಿಷ್ಟು ಬಳಿದು ನಕ್ಕಳು.

ಈಗ ನಿಮ್ಮ ಮನೆಗಳಿಗೆ ಮದುವೆಯ ಕರೆ ಫೋನಿನಲ್ಲೇ ಬರುತ್ತದೆ. ಅದರಲ್ಲಿ ಹಾಡುಂಟು, ಕುಣಿಯುವ ಗೊಂಬೆಗಳುಂಟು. ಬಣ್ಣ ಹಿಡಿಸದಿದ್ದರೆ ಕೂತಲ್ಲೇ ಬದಲಾಯಿಸುತ್ತೀರಿ. ನನಗೂ ನೋಡಲು ಖುಷಿಯೇ. ಆದರೆ ಯಾರದೋ ಸಾವಿಗೆ, ಯಾರದೋ ಕಷ್ಟಕ್ಕೆ ಒಬ್ಬ ಹುಡುಗಿಯ ಮೇಲೆ ಗೂಬೆ ಕೂರಿಸುವ ನಾಲಿಗೆಗಳು ಇನ್ನೂ ಪೂರ್ತಿ ಹೋಗಿಲ್ಲ. ಅಂಥ ಮಾತು ನಿಮ್ಮ ಕಿವಿಗೆ ಬಿದ್ದರೆ ಬಾಗಿಲ ಮರೆಯಲ್ಲಿ ನಿಲ್ಲಬೇಡಿ ಮಕ್ಕಳೇ, ಹೊರಗೆ ಬನ್ನಿ.