ಎಣ್ಣೆ ಡಬ್ಬದ ಅರ್ಧ ಟಿಕೆಟ್

1998ರ ನವೆಂಬರ್ 30, ಸೋಮವಾರ, ಸಂಜೆ ನಾಲ್ಕೂ ಮುಕ್ಕಾಲು. ಚಳ್ಳಕೆರೆಯಲ್ಲಿ ಮೊಳಕಾಲ್ಮೂರಿನ ಖಾಸಗಿ ಬಸ್ಸು ಹತ್ತಿ ಎಡಗಡೆಯ ಮೂರನೆಯ ಸಾಲಿನಲ್ಲಿ ಕೂತೆ. ಪಕ್ಕದ ಸೀಟಿನಲ್ಲಿ, ಕಿಟಕಿಯ ಕಡೆಗೆ, ಹದಿನೈದು ಕೆ.ಜಿ. ಕಡಲೆಕಾಯಿ ಎಣ್ಣೆಯ ಡಬ್ಬವನ್ನು ಕೂರಿಸಿದೆ. ಎಲ್ಲ ಶುರುವಾದದ್ದು ಅಲ್ಲಿಂದ.

ನಾನಾಗ ಚಳ್ಳಕೆರೆಯಲ್ಲಿ ಬಿ.ಕಾಂ. ಎರಡನೆಯ ವರ್ಷ. ಮನೆ ಮೊಳಕಾಲ್ಮೂರು, ಅಪ್ಪನದು ಕಬ್ಬಿಣದ ಸಾಮಾನಿನ ಅಂಗಡಿ. ಸರ್ಕಾರಿ ಬಸ್ಸಿನ ಪಾಸು ಮಾಡಿಸಬಹುದಿತ್ತು. ಆದರೆ ಆ ಬಸ್ಸು ಮೊದಲ ಪೀರಿಯಡ್ಡು ಮುಗಿಯುವ ಹೊತ್ತಿಗೆ ಚಳ್ಳಕೆರೆ ಮುಟ್ಟುತ್ತಿತ್ತು. ಖಾಸಗಿ ಬಸ್ಸಿನವರು ಕಾಲೇಜು ಹುಡುಗರಿಗೆ ಹದಿನಾಲ್ಕರ ಟಿಕೆಟ್ಟನ್ನು ಏಳಕ್ಕೆ ಕೊಡುತ್ತಿದ್ದರು. ಹೋಗಿ ಬರಲು ದಿನಕ್ಕೆ ಹದಿನಾಲ್ಕು. ಅಪ್ಪ ತಿಂಗಳಿಗೆ ಮುನ್ನೂರೈವತ್ತು ಎಂದು ಗೆರೆ ಹಾಕಿದ್ದರು.

"ಒಂದು ರೂಪಾಯಿ ದಾಟಿದ್ರೂ ದೊಡ್ಡವ್ವನ ಮನೇಲಿದ್ದು ಓದು. ಬಸ್ ಖರ್ಚೇ ಇರಲ್ಲ" ಎಂದಿದ್ದರು.

ದೊಡ್ಡವ್ವ ಅಂದರೆ ಅವ್ವನ ಅಕ್ಕ. ಚಳ್ಳಕೆರೆಯಲ್ಲಿ, ಬಳ್ಳಾರಿ ರಸ್ತೆಯ ಎಣ್ಣೆ ಮಿಲ್ಲುಗಳ ಹತ್ತಿರ ಅವಳ ಮನೆ. ಹಿಂದಿನ ವರ್ಷ ಪರೀಕ್ಷೆಗೆಂದು ಅಲ್ಲಿ ಎಂಟು ದಿನ ಇದ್ದೆ. ಆ ಮನೆಯಲ್ಲಿ ದೀಪ ದೊಡ್ಡವ್ವನ ಜೊತೆ ಓಡಾಡುತ್ತಿತ್ತು. ಅವಳು ಅಡುಗೆಮನೆಗೆ ಹೋದರೆ ಪಡಸಾಲೆಯ ದೀಪ ಆರಿಸಿಯೇ ಹೋಗುತ್ತಿದ್ದಳು, ನಾನು ಪುಸ್ತಕ ಹಿಡಿದು ಅಲ್ಲಿಯೇ ಕೂತಿದ್ದರೂ. ಪಕ್ಕದ ಮನೆಯಿಂದ ಹಿಂದಿನ ದಿನದ ಪೇಪರು ಬರುತ್ತಿತ್ತು. ಕೇಳಿದರೆ, "ನಿನ್ನೇದಾದ್ರೆ ಏನಲೇ, ಅಕ್ಷರ ಹಳಸ್ತಾವಾ?" ಎನ್ನುತ್ತಿದ್ದಳು. ಬೆಳಗಿನ ಐದಕ್ಕೆ ಬೀದಿ ನಲ್ಲಿಯಿಂದ ಹದಿನೆಂಟು ಕೊಡ ನೀರು ತರಬೇಕು. ಅದಕ್ಕೆ ಅವಳು ಇಟ್ಟ ಹೆಸರು ವ್ಯಾಯಾಮ. ಎಂಟನೆಯ ದಿನ ಸಂಜೆ ಊರಿಗೆ ಬಂದಾಗಲೇ, ಇನ್ನೊಮ್ಮೆ ಅಲ್ಲಿ ಮಲಗುವುದಿಲ್ಲ ಎಂದು ಡೈರಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೆ.

ಆ ನವೆಂಬರ್‌ನಲ್ಲಿ ಕಾಲೇಜು ನಡೆದದ್ದು ಇಪ್ಪತ್ತನಾಲ್ಕು ದಿನ. ಮುನ್ನೂರ ಮೂವತ್ತಾರು ರೂಪಾಯಿ. ಐಡಿ ಕಾರ್ಡು ಮರೆತು ಎರಡು ಸಲ ಪೂರ್ತಿ ಟಿಕೆಟ್ ತೆತ್ತಿದ್ದೆ, ಅದಕ್ಕೆ ಹೆಚ್ಚಾದದ್ದು ಹದಿನಾಲ್ಕು. ಕೊನೆಯ ದಿನದ ವಾಪಸ್ ಟಿಕೆಟ್ಟೂ ಸೇರಿದರೆ ಸರಿಯಾಗಿ ಮುನ್ನೂರೈವತ್ತು. ಬಚಾವಾದೆ ಅಂದುಕೊಂಡಿದ್ದೆ. ಆ ದಿನವೇ ಅವ್ವ, "ಮಿಲ್ಲಿನ ಹತ್ರ ಎಣ್ಣೆ ಸಸ್ತಾ ಐತಂತೆ, ಒಂದು ಡಬ್ಬ ತಗಂಬಾ" ಎಂದು ಬೇರೆ ದುಡ್ಡು ಕೊಟ್ಟು ಕಳಿಸಿದಳು.

ಕಂಡಕ್ಟರ್ ಹೊಸಬ. ನನ್ನ ಏಳು ರೂಪಾಯಿ ತೆಗೆದುಕೊಂಡು ಡಬ್ಬದ ಕಡೆ ತಿರುಗಿದ.

"ಇದು ಯಾರದು?"

"ನಂದೇ."

"ಏಳು ರೂಪಾಯಿ ಕೊಡು."

"ಡಬ್ಬಕ್ಕಾ? ಬೇಕಾದ್ರೆ ಕೆಳಗಿಡ್ತೀನಿ."

"ಕೆಳಗಿಟ್ರೆ ಲಗೇಜು, ಮೇಲಿಟ್ರೆ ಪ್ಯಾಸೆಂಜರು. ಎರಡಕ್ಕೂ ಅರ್ಧ ಟಿಕೆಟ್ಟೇ."

ನನಗೂ ಡಬ್ಬಕ್ಕೂ ಒಂದೇ ದರ. ಟಿಕೆಟ್ ಹರಿದ ಸದ್ದಿನ ಜೊತೆಗೇ ತಲೆಯಲ್ಲಿ ಮುನ್ನೂರ ಐವತ್ತೇಳು ಎಂದು ಮೂಡಿತು, ಅದರ ಹಿಂದೆಯೇ ಹದಿನೆಂಟು ಕೊಡಗಳು. ದುಡ್ಡು ಹೇಗೂ ಹೋಗಿದೆ, ಇನ್ನು ಡಬ್ಬ ಸೀಟಿನಲ್ಲೇ ಕೂತು ಬರಲಿ ಎಂದು ಹಟ ಹಿಡಿದೆ.

ಬಸ್ಸು ತುಂಬತೊಡಗಿತು. ರಾಯದುರ್ಗದ ಕಡೆಯ, ತೆಲುಗು ಬೆರೆಸಿ ಮಾತಾಡುವ ಮುದುಕರೊಬ್ಬರು ಬಂದು ನಿಂತರು.

"ತಮ್ಮಾ, ಡಬ್ಬ ತೆಗಿ, ಕುಂತ್ಕಂತೀನಿ."

"ಅದಕ್ಕೆ ಟಿಕೆಟ್ ಐತೆ ತಾತ."

"ಡಬ್ಬಾಕಿ ಟಿಕೆಟ್ಟಾ! ಎಷ್ಟು ನಾಯನಾ?"

"ಅರ್ಧ. ನಂದೂ ಅರ್ಧಾನೇ."

"ಓಹೋ. ಅದೂ ಕಾಲೇಜು ಓದ್ತೈತಾ?"

ಸುತ್ತಲಿನವರು ನಕ್ಕರು. ಹಿಂದಿನ ಸಾಲಿನವರು ತಾತನಿಗೆ ಜಾಗ ಕೊಟ್ಟರು. ನಾನು ಡಬ್ಬದ ಟಿಕೆಟ್ಟನ್ನು ಎಲ್ಲರಿಗೂ ಕಾಣುವಂತೆ ಮುಚ್ಚಳದ ಹಿಡಿಗೆ ಸಿಕ್ಕಿಸಿದೆ.

ಮಿಲ್ಲುಗಳ ಸ್ಟಾಪಿನಲ್ಲಿ ಬಸ್ಸು ನಿಂತಾಗ ಹತ್ತಿದವಳು ಸಾಕ್ಷಾತ್ ದೊಡ್ಡವ್ವ.

"ನೀನಿದ್ದೀಯಾ? ಒಳ್ಳೇದಾಯ್ತು. ಲೆಕ್ಕ ನೋಡಾಣ ಬಾರಕ್ಕಾ ಅಂತ ನಿಮ್ಮಪ್ಪ ಹೇಳಿ ಕಳಿಸಿದ್ದ. ನಾಳೆಯಿಂದ ನಮ್ಮನೇಗೇ ಬರ್ತೀಯೇನೋ" ಎನ್ನುತ್ತಲೇ ಡಬ್ಬ ಎತ್ತಿ, ಕಿಟಕಿಯ ಸೀಟಿನಲ್ಲಿ ಕೂತು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹಿಡಿಯಲ್ಲಿದ್ದ ಟಿಕೆಟ್ಟನ್ನು ಬಿಡಿಸಿ ನೋಡಿದಳು. ಎಲ್ಲ ಕೇಳಿ ತಿಳಿದುಕೊಂಡಳು.

ಕಂಡಕ್ಟರ್ ಬಂದ. "ಹದಿನಾಲ್ಕು ಕೊಡ್ರಿ ಅಮ್ಮಾ."

"ಏಳು ತಗ. ಈ ಸೀಟಿಗೆ ಆಗ್ಲೇ ಏಳು ಬಂದೈತೆ."

"ಅದು ಡಬ್ಬದ್ದು."

"ಡಬ್ಬ ಸೀಟಲ್ಲಿ ಐತಾ? ಕಣ್ ಬಿಟ್ಟು ನೋಡು, ತೊಡೆ ಮ್ಯಾಲೈತೆ. ತೊಡೆ ಮ್ಯಾಲಿನ ಕೂಸಿಗೆ ಟಿಕೆಟ್ ತಗಂತೀಯಾ?"

"ಹದಿನೈದು ಕೇಜಿ ಕೂಸಾ ಅಮ್ಮಾ?"

"ಎಣ್ಣೆ ಕುಡ್ದು ಬೆಳ್ದೈತೆ."

ಕಂಡಕ್ಟರ್ ಸೋತು ನಕ್ಕ. "ಹಂಗಾದ್ರೆ ಡಬ್ಬದ ಏಳು ಹುಡುಗನಿಗೆ ವಾಪಸ್ ಕೊಡ್ತೀನಿ, ನೀವು ಹದಿನಾಲ್ಕು ಕೊಡ್ರಿ. ನನಗೆ ಎರಡೂ ಒಂದೇ."

ಏಳು ವಾಪಸ್ ಬಂದರೆ ಮತ್ತೆ ಸರಿಯಾಗಿ ಮುನ್ನೂರೈವತ್ತು. ಕೈ ಮುಂದೆ ಚಾಚಿಯೂ ಬಿಟ್ಟೆ.

"ನಿನಗೆ ಎರಡೂ ಒಂದೇ ಆದ್ಮೇಲೆ ನನಗೆ ಯಾವ್ದು ಸಸ್ತಾ ಅದೇ ಮಾಡಪ್ಪ" ಎಂದು ದೊಡ್ಡವ್ವ ಏಳು ರೂಪಾಯಿಯನ್ನು ಅವನ ಕೈಗೆ ತುರುಕಿದಳು. ನಾನು ಚಾಚಿದ ಕೈಯಿಂದ ತಲೆ ಕೆರೆದುಕೊಂಡೆ.

ಮೊಳಕಾಲ್ಮೂರಿನ ತನಕ ಅವಳು ಡಬ್ಬ ಕೆಳಗಿಡಲಿಲ್ಲ. ಕೆಳಗಿಟ್ಟರೆ ಅದು ಮತ್ತೆ ಲಗೇಜಾಗುತ್ತಿತ್ತು. ನಡುವಿನ ತಳಕು ಊರು ದಾಟುವಷ್ಟರಲ್ಲಿ ಅವಳ ಕಾಲು ಜೋಮು ಹಿಡಿದಿತ್ತು. ಕಂಡಕ್ಟರ್ ಹತ್ತಿರ ಬಂದಾಗಲೆಲ್ಲ ಡಬ್ಬವನ್ನು ಮೆಲ್ಲಗೆ ತಟ್ಟುತ್ತಿದ್ದಳು.

ಮನೆ ಸೇರಿದಾಗ ಆರೂಕಾಲು. ಕಾಫಿಯಾದ ಮೇಲೆ ಅಪ್ಪ ನನ್ನ ಲೆಕ್ಕದ ಪುಸ್ತಕ ಬಿಡಿಸಿ ಕೂಡಿಸಿದರು. ಎರಡು ಸಲ ಕೂಡಿಸಿದರು.

"ಏಳು ದಾಟೈತೆ."

"ಅದು ಎಣ್ಣೆದು ಅಪ್ಪಾ. ಅಡುಗೆಮನೆ ಖರ್ಚು."

"ಬಸ್ಸಿನವನ ಕೈಗೆ ಹೋಗಿದ್ದು ಬಸ್ ಖರ್ಚು."

"ತಗಂಬಾ ಅಂದಿದ್ದು ನಾನು ಕಣ್ರಿ" ಎಂದಳು ಅವ್ವ.

"ನಿನ್ನ ಮಾತು ಕೇಳಿದ್ದು ಒಳ್ಳೇದೇ. ಆದ್ರೆ ಲೆಕ್ಕ ಲೆಕ್ಕಾನೇ."

ಇನ್ನು ಉಳಿದದ್ದು ಒಂದೇ ದಾರಿ. "ಹಂಗಾದ್ರೆ ಆ ಏಳು ರೂಪಾಯಿ ದೊಡ್ಡವ್ವ ಕೊಡ್ಬೇಕು. ಡಬ್ಬದ ಟಿಕೆಟ್ಟಲ್ಲಿ ಬಂದಿದ್ದು ಅವಳು" ಎಂದು ಬಸ್ಸಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ.

ಮೊಣಕಾಲು ನೀವಿಕೊಳ್ಳುತ್ತಿದ್ದ ದೊಡ್ಡವ್ವ ತಲೆ ಎತ್ತಿದಳು. "ಹದಿನೈದು ಕೇಜಿ ಹೊತ್ಕಂಡು ಬಂದೋಳು ನಾನು. ಅದಕ್ಕೆ ಕೂಲಿ ಯಾರಲೇ ಕೊಡ್ತಾರೆ?"

ನಾನು ಲೆಕ್ಕದ ಪುಸ್ತಕವನ್ನು ನನ್ನ ಕಡೆ ಎಳೆದುಕೊಂಡೆ. ಅವ್ವ ನನ್ನ ಬಟ್ಟೆಯ ಚೀಲ ಇಳಿಸಲು ಅಟ್ಟದ ಕಡೆ ನೋಡಿದಳು.

ದೊಡ್ಡವ್ವ ಅಪ್ಪನನ್ನು ಕೇಳಿದಳು: "ಹುಡುಗನ ಜೊತೆ ರಾಗಿ ಎಷ್ಟು ಕಳಿಸ್ತೀಯಪ್ಪಾ?"

"ಮನೆ ಮಗ ಇದ್ದಂಗೆ ಅಂದಿದ್ರಲ್ಲಕ್ಕಾ. ಮನೆ ಮಗನಿಗೆ ರಾಗಿ ಕಳಿಸಿದ್ರೆ ನಿಮಗೆ ಅವಮಾನ ಮಾಡಿದಂಗಲ್ವಾ?"

ಅವಳು ನನ್ನ ಕಡೆ ತಿರುಗಿದಳು. "ದಿನಕ್ಕೆ ಎಷ್ಟು ಮುದ್ದೆ ಉಣ್ತೀಯಲೇ?"

ನಾನು ಇನ್ನೊಂದು ಪುಟ ತಿರುವಿದೆ. ಊಟ ಸರಿಯಾಗಿ ಮಾಡ್ತಿಲ್ಲ ಎಂದು ಅವ್ವ ದಿನವೂ ಗೊಣಗುತ್ತಿದ್ದಳೆಂದು ಆ ತಿಂಗಳು ಅದನ್ನೂ ಬರೆದಿಟ್ಟಿದ್ದೆ. "ಬೆಳಿಗ್ಗೆ ಎರಡು, ರಾತ್ರಿ ಎರಡು. ಭಾನುವಾರ ಒಂದು ಹೆಚ್ಚು. ನವೆಂಬರ್‌ನಲ್ಲಿ ಒಟ್ಟು, ಇವತ್ತು ರಾತ್ರಿದೂ ಸೇರಿ, ನೂರಾ ಇಪ್ಪತ್ತೈದು."

"ನಮ್ಮನೆ ಮುದ್ದೆ ಅಕ್ಕಾ, ನಿಮ್ಮನೆ ಸೈಜಲ್ಲ" ಎಂದು ಅವ್ವ ಅಟ್ಟದ ಕಡೆಯಿಂದಲೇ ಸೇರಿಸಿದಳು.

ದೊಡ್ಡವ್ವನ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡತೊಡಗಿತು. ತುಟಿ ಅಲುಗುತ್ತಿತ್ತು. ಹದಿನೆಂಟು ಕೊಡ ನೀರು ಒಂದು ಕಡೆ, ನೂರಾ ಇಪ್ಪತ್ತೈದು ಮುದ್ದೆ ಇನ್ನೊಂದು ಕಡೆ. ಕೊನೆಗೆ ಅವಳು ಎಲೆ ಅಡಿಕೆಯ ಚೀಲ ಬಿಚ್ಚಿದಳು. ಐದರ ಒಂದು ನೋಟು, ಒಂದೊಂದು ರೂಪಾಯಿಯ ಎರಡು ನಾಣ್ಯ ತೆಗೆದು ಎಣ್ಣೆ ಡಬ್ಬದ ಮೇಲೆ ಇಟ್ಟಳು.

"ತಗ, ನಿನ್ನ ಲೆಕ್ಕ ಸರಿ ಮಾಡ್ಕೊ. ಮಕ್ಕಳು ಅಪ್ಪ ಅವ್ವನ ಕಣ್ಮುಂದೆ ಇದ್ರೇನೇ ಚೆಂದ."

ಅಪ್ಪ ಮುನ್ನೂರ ಐವತ್ತೇಳನ್ನು ಹೊಡೆದು ಹಾಕಿ ಮುನ್ನೂರೈವತ್ತು ಎಂದು ಬರೆದರು.

ಮಾರನೆಯ ಬೆಳಿಗ್ಗೆ ನಾನೂ ದೊಡ್ಡವ್ವನೂ ಒಂದೇ ಬಸ್ಸಿಗೆ ಹೋದೆವು. ಅದೇ ಕಂಡಕ್ಟರ್. ಅವಳ ಖಾಲಿ ತೊಡೆ ನೋಡಿ, "ಕೂಸು ಎಲ್ಲಿ ಅಮ್ಮಾ?" ಎಂದ.

"ಮೊಳಕಾಲ್ಮೂರಲ್ಲೇ ಬಿಟ್ಟೆ ಕಣಪ್ಪ" ಎಂದಳು ದೊಡ್ಡವ್ವ, ನನ್ನನ್ನು ನೋಡುತ್ತಾ. "ಬಾಳ ಉಣ್ತೈತೆ."

ಡಿಗ್ರಿ ಮುಗಿಯುವ ತನಕ ನಾನು ಮನೆಯಿಂದಲೇ ಓಡಾಡಿದೆ. ಒಂದು ಸಂಶಯ ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ಅರ್ಧ ಟಿಕೆಟ್ ಪಡೆದ ಡಬ್ಬಕ್ಕೆ ಸೀಟಿನ ಹಕ್ಕು ಇತ್ತೋ ಇಲ್ಲವೋ, ಅದನ್ನು ತೊಡೆಗೆ ಎತ್ತಿಕೊಂಡರೆ ಆ ಏಳು ರೂಪಾಯಿ ಯಾರಿಗೆ ಸೇರಬೇಕಿತ್ತು? ಆ ದಿನಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ದಾರಿಯ ಖಾಸಗಿ ಬಸ್ಸುಗಳಲ್ಲಿ ಟಿಕೆಟ್ ಹರಿದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ನಾಲ್ಕು ಸಾಲು ಬರೆದು ತಿಳಿಸಿ. ದೊಡ್ಡವ್ವ ಇನ್ನೂ ಗಟ್ಟಿಯಾಗಿದ್ದಾಳೆ. ಊರಿಗೆ ಬಂದಾಗಲೆಲ್ಲ ಆ ಏಳು ರೂಪಾಯಿ ವಾಪಸ್ ಕೇಳುತ್ತಾಳೆ.